ಕುಂಬಾರ ಕಪ್ಪೆಯ ಕೈಬಣ್ಣ: ಒಂದು ಡಿಜಿಟಲ್ ಚಿತ್ರಮಾಲೆಯ ಪ್ರಕರಣ ಅಧ್ಯಯನ

ಪುಟ್ಟ ಪ್ರಾಣಿಗಳನ್ನೇ ಪಾತ್ರಗಳಾಗಿಸಿಕೊಂಡು ಚಿತ್ರಗಳಲ್ಲಿ ಕಥೆ ಹೇಳುವವರು ಈಗ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೂ ಅನೇಕರಿದ್ದಾರೆ. ಅವರಲ್ಲಿ ಒಬ್ಬ ಕಲಾವಿದೆಯ ಒಂದು ಚಿತ್ರಮಾಲೆಯು ಮೊದಲ ಸಲ ಮಕ್ಕಳ ಮುಂದೆ ಸೋತು, ಸುಮಾರು ಒಂದು ವರ್ಷದ ಕೆಲಸದ ನಂತರ ಬೇರೆಯೇ ರೂಪದಲ್ಲಿ ನಿಂತ ಬಗೆಯನ್ನು ಇಲ್ಲಿ ದಾಖಲಿಸಿದ್ದೇನೆ. ನಾನು ಚಿತ್ರಕಲಾ ಶಿಕ್ಷಕಿಯಾಗಿದ್ದವಳು. ಕಲಾವಿದೆಯು ಕೇಳಿಕೊಂಡದ್ದರಿಂದ ಈ ಕೆಲಸದ ಪ್ರತಿಯೊಂದು ಹಂತವನ್ನೂ ಹತ್ತಿರದಿಂದ ನೋಡಿದೆ, ಕೆಲವು ಕಡೆ ತಪ್ಪು ಸಲಹೆಯನ್ನೂ ಕೊಟ್ಟೆ. ಆಕೆಯ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಆಕೆಯ ಹೆಸರು, ಊರು, ಮಕ್ಕಳ ಗುರುತು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ, ಮನೆಯ ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ.

ಹಿನ್ನೆಲೆ

ಕಲಾವಿದೆಯು ಶಿರಸಿ ತಾಲ್ಲೂಕಿನ ಅಡಿಕೆ ತೋಟದ ಮನೆಯೊಂದರಲ್ಲಿ ಬೆಳೆದವರು. ಕೆಲವು ವರ್ಷ ಬೆಂಗಳೂರಿನಲ್ಲಿ ವಿನ್ಯಾಸದ ಕೆಲಸ ಮಾಡಿ, ಆಮೇಲೆ ಊರಿಗೆ ಮರಳಿ ಮನೆಯಿಂದಲೇ ಕೆಲಸ ಮುಂದುವರಿಸಿದ್ದರು. ಪರದೆಯಿಲ್ಲದ ಸಾಧಾರಣ ಪೆನ್ ಟ್ಯಾಬ್ಲೆಟ್, ಹಳೆಯ ಲ್ಯಾಪ್‌ಟಾಪ್ ಮತ್ತು ಹಣ ಕೊಡದೆ ಬಳಸಬಹುದಾದ ಕ್ರಿಟಾ ತಂತ್ರಾಂಶ ಇವಿಷ್ಟೇ ಅವರ ಸಲಕರಣೆಗಳು. ಅಂಕೋಲಾ ಮತ್ತು ಕಾರವಾರದ ನಡುವಿನ ಹಳ್ಳಿಯೊಂದರಲ್ಲಿ ಮಕ್ಕಳಿಗಾಗಿ ವಾಚನಾಲಯ ನಡೆಸುತ್ತಿದ್ದ ಕೆಲವರು, ಅಲ್ಲಿನ ಉದ್ದನೆಯ ಗೋಡೆಗೆ ಹೊಂದುವಂತೆ ಮಾತಿಲ್ಲದ ಕಥೆಯೊಂದನ್ನು ಚಿತ್ರಗಳಲ್ಲಿ ಬಿಡಿಸಿಕೊಡಬೇಕೆಂದು ಅವರನ್ನು ಕೇಳಿದ್ದರು. ಆ ಮಕ್ಕಳಲ್ಲಿ ಹೆಚ್ಚಿನವರು ಮನೆಯಲ್ಲಿ ಕೊಂಕಣಿ ಮಾತನಾಡಿ ಶಾಲೆಯಲ್ಲಿ ಕನ್ನಡ ಕಲಿಯುವವರು. ಆದ್ದರಿಂದಲೇ ಕಥೆಯಲ್ಲಿ ಮಾತು ಬೇಡವೆಂದು ತೀರ್ಮಾನವಾಗಿತ್ತು. ವಿಷಯವನ್ನು ಕಲಾವಿದೆಯೇ ಆರಿಸಿಕೊಂಡರು: ತಾಯಿ ಇಲ್ಲದ ಮನೆಯಲ್ಲಿ ಮಗುವೊಂದು ಬೆಳೆಯುವ ಕಥೆ.

ಆಕೆಯ ತಾಯಿ ತೀರಿಕೊಂಡಾಗ ಆಕೆ ಪ್ರಾಥಮಿಕ ಶಾಲೆಯಲ್ಲಿದ್ದರೆಂಬುದು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚನ್ನು ಆಗ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೊದಲ ಮಾಲೆ

ಮೊದಲ ಮಾಲೆಯಲ್ಲಿ ಹನ್ನೆರಡು ಚಿತ್ರಗಳಿದ್ದವು. ಕುತ್ತಿಗೆಗೆ ಉಣ್ಣೆಯ ಪಟ್ಟಿ ಸುತ್ತಿಕೊಂಡ ಅಳಿಲುಮರಿಯೊಂದು ಕೈಯಲ್ಲಿ ಲಾಟೀನು ಹಿಡಿದು ಕಾಡಿನಲ್ಲಿ ತಾಯಿಯನ್ನು ಹುಡುಕುತ್ತ ಹೋಗುತ್ತದೆ. ದಾರಿಯಲ್ಲಿ ಅದಕ್ಕೆ ಮುದಿ ಗೂಬೆಯೊಂದು ಸಿಗುತ್ತದೆ, ನಿಂತುಹೋದ ಗಡಿಯಾರ ಸಿಗುತ್ತದೆ, ಕೆಂಪು ದಾರಕ್ಕೆ ಕಟ್ಟಿದ ಬೀಗದ ಕೈ ಸಿಗುತ್ತದೆ, ಬಿಳಿ ಚುಕ್ಕೆಗಳ ಕೆಂಪು ಅಣಬೆಯ ಕೆಳಗೆ ಅದು ಮಲಗುತ್ತದೆ. ಕೊನೆಯಲ್ಲಿ ಆಕಾಶದಲ್ಲಿ ಒಂದು ನಕ್ಷತ್ರ ಹೊಳೆಯುತ್ತದೆ. ಲಾಟೀನು ಆಸೆಯನ್ನೂ, ಗೂಬೆ ತಿಳಿವಳಿಕೆಯನ್ನೂ, ಗಡಿಯಾರ ಸಾವನ್ನೂ, ಬೀಗದ ಕೈ ನೆನಪನ್ನೂ, ನಕ್ಷತ್ರ ತಾಯಿಯನ್ನೂ ಸೂಚಿಸಬೇಕೆಂಬುದು ಕಲಾವಿದೆಯ ಉದ್ದೇಶವಾಗಿತ್ತು. ಬೆಳಕು ನೆರಳಿನ ಕೆಲಸ ಬಹಳ ಚೆನ್ನಾಗಿತ್ತು. ಅಳಿಲಿನ ಬಾಲದ ಅಂಚಿನಲ್ಲಿ ಹಿಂದಿನಿಂದ ಬೀಳುವ ಬೆಳಕನ್ನು ಅವರು ತೋರಿಸಿದ್ದ ರೀತಿಯನ್ನು ನೋಡಿ ನಾನು ಮೆಚ್ಚಿದ್ದೆ, ಮಾಲೆಯನ್ನು ಹಾಗೆಯೇ ಒಪ್ಪಿಸಬಹುದೆಂದೂ ಹೇಳಿದ್ದೆ. ಅದು ನನ್ನ ಮೊದಲ ತಪ್ಪು ಸಲಹೆ.

ಗೋಡೆಗೆ ಏರಿಸುವ ಮೊದಲು ಚಿತ್ರಗಳನ್ನು ವಾಚನಾಲಯದಲ್ಲಿ ಪ್ರೊಜೆಕ್ಟರ್ ಮೂಲಕ ಮಕ್ಕಳಿಗೆ ತೋರಿಸೋಣವೆಂದು ಸೂಚಿಸಿದ್ದು ಅಲ್ಲಿನ ಹಿರಿಯರೊಬ್ಬರು. ಅದೊಂದು ಸೂಚನೆ ಬಾರದೆ ಹೋಗಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ. ಮೂವತ್ತರಷ್ಟು ಮಕ್ಕಳು ನೆಲದ ಮೇಲೆ ಕುಳಿತಿದ್ದರು. ನಾವು ಯಾವ ವಿವರಣೆಯನ್ನೂ ಕೊಡದೆ, ಪ್ರತಿ ಚಿತ್ರದ ನಂತರ "ಇಲ್ಲಿ ಏನಾಗ್ತಾ ಇದೆ?" ಎಂದು ಮಾತ್ರ ಕೇಳಿದೆವು.

ಲಾಟೀನು ಕಂಡ ಕೂಡಲೇ ಹಲವರು ಒಟ್ಟಿಗೆ ಹೇಳಿದರು: "ಕರೆಂಟ್ ಹೋಗಿದೆ." ನಿಂತ ಗಡಿಯಾರಕ್ಕೆ "ಸೆಲ್ ಮುಗಿದಿದೆ" ಎಂಬ ಉತ್ತರ ಬಂತು. ಕೆಂಪು ದಾರದ ಬೀಗದ ಕೈಯನ್ನು ಒಬ್ಬಳು ತಾಯತವೆಂದಳು. ಚುಕ್ಕೆಗಳ ಅಣಬೆಯನ್ನು ಪ್ಲಾಸ್ಟಿಕ್ ಛತ್ರಿಯೆಂದು ತಿಳಿದರು. ಗೂಬೆಯ ಚಿತ್ರ ಬಂದಾಗ ಮಾತ್ರ ಎಲ್ಲರೂ ಗಂಭೀರರಾದರು. "ಅಕ್ಕೋರೇ, ಈಗ ಯಾರೋ ಸಾಯ್ತಾರೆ" ಎಂದು ಮುಂದೆ ಕುಳಿತಿದ್ದ ಹುಡುಗಿ ಮೆಲ್ಲಗೆ ಹೇಳಿದಳು. ಅಲ್ಲಿಂದ ಮುಂದೆ ಅಳಿಲುಮರಿಯೇ ಸಾಯುತ್ತದೆಂದು ಮಕ್ಕಳು ಕಾಯುತ್ತ ಕುಳಿತರು. ಕೊನೆಯ ನಕ್ಷತ್ರವನ್ನು ನೋಡಿ, ಅಂತೂ ಅಳಿಲು ಸತ್ತಿತು ಎಂದು ನಿಶ್ಚಯಿಸಿಕೊಂಡರು.

ಸಮಸ್ಯೆಯ ಗುರುತು

ಮಕ್ಕಳಿಗೆ ಅರ್ಥವಾಗಲಿಲ್ಲವೆಂದು ಹೇಳಿ ಮುಗಿಸುವುದು ಸುಲಭವಾಗಿತ್ತು. ಆ ಸಂಜೆ ಬಸ್ಸಿನಲ್ಲಿ ಶಿರಸಿಗೆ ಹಿಂದಿರುಗುವಾಗ ಕಲಾವಿದೆಯು ಹಾಗೆ ಹೇಳಲಿಲ್ಲ ಎಂಬುದನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ. ಮಕ್ಕಳ ಉತ್ತರಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದುಕೊಂಡಿದ್ದ ಅವರು ಅದನ್ನು ಮತ್ತೆ ಮತ್ತೆ ಓದುತ್ತ, "ಇವರು ತಪ್ಪು ಓದಿಲ್ಲ ಅಕ್ಕಾ, ನಾನು ಬಿಡಿಸಿದ್ದನ್ನೇ ಓದಿದ್ದಾರೆ" ಎಂದರು. ಮಳೆಗಾಲದಲ್ಲಿ ದಿನಗಟ್ಟಲೆ ವಿದ್ಯುತ್ ಇಲ್ಲದ ಊರಿನ ಮಗುವಿಗೆ ಲಾಟೀನು ಹೇಳುವುದು ಅದೇ ಸಂಗತಿಯನ್ನು. ಗ್ರೀಕರ ಅಥೀನಾ ದೇವತೆಯ ಸಂಗಡ ಇದ್ದದ್ದರಿಂದ ಗೂಬೆಯು ಪಶ್ಚಿಮದಲ್ಲಿ ಜ್ಞಾನದ ಹಕ್ಕಿಯಾಯಿತು, ಬಂಗಾಳದಲ್ಲಿ ಅದು ಲಕ್ಷ್ಮಿಯ ವಾಹನ. ನಮ್ಮ ಮನೆಗಳಲ್ಲಿ ಮಾಡಿನ ಮೇಲೆ ಗೂಬೆ ಕೂಗಿದರೆ ಹಿರಿಯರು ಒಳಗೆ ಬಂದು ಬಾಗಿಲು ಹಾಕಿಕೊಳ್ಳುತ್ತಾರೆ, ಮಾಡದ ತಪ್ಪನ್ನು ಹೊರಿಸುವುದಕ್ಕೂ ನಾವು ಗೂಬೆ ಕೂರಿಸುವುದು ಎನ್ನುತ್ತೇವೆ. ಚುಕ್ಕೆಯ ಕೆಂಪು ಅಣಬೆ ಚಳಿನಾಡುಗಳದ್ದು, ಅದನ್ನು ಕಲಾವಿದೆಯೂ ಕಣ್ಣಾರೆ ಕಂಡಿರಲಿಲ್ಲ. ಅಂತರ್ಜಾಲದಲ್ಲಿ ನೋಡಿದ ನೂರಾರು ಚಿತ್ರಗಳಿಂದ ಅದು ಆಕೆಯ ಕೈಗೆ ಬಂದು ಸೇರಿತ್ತು.

ಎರವಲು ತಂದ ಸಂಕೇತಗಳಷ್ಟೇ ಸಮಸ್ಯೆಯಾಗಿರಲಿಲ್ಲ. ನನ್ನ ಎಣಿಕೆಯಲ್ಲಿ ಹೆಚ್ಚಿನ ದೋಷ ಇನ್ನೊಂದಿತ್ತು: ಆ ವಸ್ತುಗಳಿಂದ ಅಳಿಲು ಏನನ್ನೂ ಮಾಡುತ್ತಿರಲಿಲ್ಲ. ಬೀಗದ ಕೈಯಿಂದ ಯಾವ ಬೀಗವನ್ನೂ ತೆರೆಯಲಿಲ್ಲ, ಗಡಿಯಾರವನ್ನು ನೋಡಿ ಮುಂದೆ ನಡೆಯಿತು ಅಷ್ಟೆ. ಒಂದು ಚಿತ್ರದಲ್ಲಿ ಕಾಣಿಸಿದ ವಸ್ತು ಮುಂದಿನದರಲ್ಲಿ ಇರುತ್ತಿರಲಿಲ್ಲ. ಕಥೆಯ ಒಳಗೆ ಕೆಲಸವಿಲ್ಲದ ವಸ್ತುವಿಗೆ ನೋಡುವವನು ತನ್ನ ಮನೆಯ ಅರ್ಥವನ್ನೇ ಕೊಡುತ್ತಾನೆ, ಬೇರೆ ಅರ್ಥ ಕೊಡಲು ಚಿತ್ರವು ಅವನಿಗೆ ಯಾವ ಕಾರಣವನ್ನೂ ಒದಗಿಸಿರುವುದಿಲ್ಲ.

ಫಲಿಸದ ಪ್ರಯತ್ನಗಳು

ಮೊದಲು ಮಾಡಿದ್ದು, ಪ್ರತಿ ಚಿತ್ರದ ಕೆಳಗೆ ಎರಡು ಸಾಲಿನ ಬರಹ ಸೇರಿಸುವುದು. ಇದನ್ನು ಸೂಚಿಸಿದವಳೂ ನಾನೇ. ಓದಲು ಬರುವ ಮಕ್ಕಳು ಸಾಲುಗಳನ್ನು ಗಟ್ಟಿಯಾಗಿ ಓದಿ ಮುಂದಿನ ಚಿತ್ರಕ್ಕೆ ಹೋದರು, ಚಿತ್ರವನ್ನು ನೋಡಲೇ ಇಲ್ಲ; ಓದಲು ಬಾರದ ಚಿಕ್ಕವರು ದೊಡ್ಡವರ ಮುಖ ನೋಡುತ್ತ ಕುಳಿತರು. ಒಂದೇ ವಾರದಲ್ಲಿ ಬರಹ ಕೈಬಿಟ್ಟೆವು.

ಎರಡನೆಯದು ವಸ್ತುಗಳನ್ನು ಊರಿನ ವಸ್ತುಗಳಿಗೆ ಬದಲಿಸುವ ಪ್ರಯತ್ನ. ಅಣಬೆಯ ಜಾಗದಲ್ಲಿ ಅಡಿಕೆ ಹಾಳೆ ಬಂತು, ಉಣ್ಣೆಯ ಪಟ್ಟಿಯ ಜಾಗದಲ್ಲಿ ಕಂಬಳಿ ಕೊಪ್ಪೆ ಬಂತು, ಗೂಬೆಯ ಜಾಗದಲ್ಲಿ ಮಂಗಟ್ಟೆ ಹಕ್ಕಿ ಕುಳಿತುಕೊಂಡಿತು. ಚಿತ್ರಗಳು ಕಣ್ಣಿಗೆ ಹತ್ತಿರವಾದವು ನಿಜ, ಕಥೆ ಮಾತ್ರ ಇದ್ದಲ್ಲೇ ಇತ್ತು. ಊರಿನ ವಸ್ತುವನ್ನು ತಂದು ಇಟ್ಟ ಮಾತ್ರಕ್ಕೆ ಅದು ಸಂಕೇತವಾಗುವುದಿಲ್ಲ. ಹಾಳೆಯೂ ಅಣಬೆಯಂತೆಯೇ ಸುಮ್ಮನೆ ಬಿದ್ದಿತ್ತು.

ಇಲ್ಲಿ ಪ್ರಾಣಿಕಥೆಗಳ ನಮ್ಮ ಪರಂಪರೆಯ ಬಗ್ಗೆ ಒಂದು ಮಾತು ಹೇಳಬೇಕು. ಹನ್ನೊಂದನೆಯ ಶತಮಾನದಲ್ಲಿಯೇ ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಕ್ಕೆ ತಂದನು. ಅಂಥ ಕಥೆಗಳಲ್ಲಿ ನರಿಯೆಂದರೆ ಕಪಟ, ಸಿಂಹವೆಂದರೆ ದೊರೆತನ. ಪ್ರಾಣಿಯು ಬರುವ ಮೊದಲೇ ಅದರ ಗುಣ ಕೇಳುಗನಿಗೆ ತಿಳಿದಿರುತ್ತದೆ, ಕಥೆಯ ಜಾಣತನವೆಲ್ಲ ಮಾತಿನಲ್ಲಿರುತ್ತದೆ. ಮಾತಿಲ್ಲದ ಚಿತ್ರಕ್ಕೆ ಆ ಅನುಕೂಲವಿಲ್ಲ. ಅಲ್ಲಿ ಪ್ರಾಣಿಯು ತನ್ನ ಮೈಯಿಂದ, ತನ್ನ ನಡೆಯಿಂದಲೇ ಎಲ್ಲವನ್ನೂ ಹೇಳಬೇಕು. ಅಳಿಲನ್ನು ಆರಿಸಿಕೊಂಡದ್ದೇಕೆ ಎಂದು ನಾನು ಕೇಳಿದಾಗ, "ಮುದ್ದಾಗಿದೆ ಅಂತ" ಎಂದು ಕಲಾವಿದೆ ಉತ್ತರಿಸಿದರು, ಮತ್ತು ಆ ಉತ್ತರ ತಮಗೇ ಸಾಲದೆಂದು ಅವರ ಮುಖದಲ್ಲಿ ಕಾಣುತ್ತಿತ್ತು.

ಹಳ್ಳದ ರಾತ್ರಿ

ಆ ವರ್ಷದ ಮಳೆಗಾಲದಲ್ಲಿ, ಕಪ್ಪೆಗಳನ್ನು ಬಲ್ಲ ಪರಿಚಿತರೊಬ್ಬರ ಸಂಗಡ ಕಲಾವಿದೆಯು ಸಿದ್ದಾಪುರ ತಾಲ್ಲೂಕಿನ ಒಂದು ಕಾಡುಹಳ್ಳಕ್ಕೆ ರಾತ್ರಿ ಹೋದರು. ರಾಂಪತ್ರೆ ಜಡ್ಡಿಗಳು, ಅಂದರೆ ರಾಂಪತ್ರೆ ಮರಗಳು ಬೆಳೆಯುವ ಜೌಗು ನೆಲಗಳು, ಇರುವ ಸೀಮೆ ಅದು. ಮರದ ಬೇರುಗಳು ಮೊಣಕಾಲಿನಂತೆ ಮಡಿಚಿಕೊಂಡು ಕೆಸರಿನಿಂದ ಮೇಲೆದ್ದಿರುತ್ತವೆ. ನಾನೂ ಹೋಗಿದ್ದೆ. ಉಂಬಳಗಳ ಕಾಟವನ್ನು ಬಿಟ್ಟರೆ ಆ ರಾತ್ರಿಯ ಪ್ರತಿ ಕ್ಷಣವೂ ನನಗೆ ನೆನಪಿದೆ. ನಾವು ನೋಡಲು ಹೋದದ್ದು ಕುಂಬಾರ ಕಪ್ಪೆಯನ್ನು. ಹೆಬ್ಬೆರಳಿನಷ್ಟು ಉದ್ದದ ಈ ಕಪ್ಪೆಯನ್ನು ಉತ್ತರ ಕನ್ನಡದ ಕಾಡುಗಳಲ್ಲಿ ಅಧ್ಯಯನ ಮಾಡಿ, 2014ರಲ್ಲಿ ಹೊಸ ಪ್ರಭೇದವೆಂದು ವಿವರಿಸಲಾಯಿತು. ಅದರ ವೈಜ್ಞಾನಿಕ ಹೆಸರಿನಲ್ಲಿಯೂ ಕುಂಬಾರ ಎಂಬ ಕನ್ನಡ ಪದವೇ ಇದೆ. ಹಳ್ಳದ ನೀರಿನ ಮೇಲೆ ಚಾಚಿದ ಕಡ್ಡಿಯ ಮೇಲೋ ಬಂಡೆಯ ಮೇಲೋ ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಆಮೇಲೆ ಗಂಡು ಹಳ್ಳದ ತಳದಿಂದ ಮುಂಗೈಗಳಲ್ಲಿ ಕೆಸರು ಎತ್ತಿ ತಂದು, ಹಿಂಗಾಲುಗಳ ಮೇಲೆ ನಿಂತು, ಮೊಟ್ಟೆಗಳಿಗೆ ಮೆತ್ತುತ್ತದೆ. ಮೊಟ್ಟೆಗಳು ಒಣಗದಂತೆ, ತಿನ್ನುವ ಜೀವಿಗಳ ಕಣ್ಣಿಗೆ ಬೀಳದಂತೆ ಈ ಮಣ್ಣು ಕಾಪಾಡುತ್ತದೆಂದು ಬಲ್ಲವರು ಭಾವಿಸುತ್ತಾರೆ.

ಟಾರ್ಚಿನ ಮಂದ ಬೆಳಕಿನಲ್ಲಿ ನಾವು ಕಂಡದ್ದು ಕೆಲವೇ ನಿಮಿಷ. ಗಂಡು ಕಪ್ಪೆ ಕೆಳಗಿಳಿಯಿತು, ಕೈತುಂಬ ಕೆಸರಿನೊಂದಿಗೆ ಮೇಲೆ ಬಂತು, ಎದ್ದು ನಿಂತು ಮೆತ್ತಿತು, ಮತ್ತೆ ಇಳಿಯಿತು. ಕಲಾವಿದೆ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಹಿಂದಿರುಗುವಾಗ ಜೀಪಿನಲ್ಲಿ ಅವರು ಆಡಿದ್ದು ಒಂದೇ ಮಾತು: "ಅಳಿಲು ಬೇಡ ಅಕ್ಕಾ."

ಇದು ಈ ಪ್ರಕರಣದ ಮುಖ್ಯ ತಿರುವು. ತಾಯಿಯನ್ನು ಹುಡುಕುವ ಮಗುವಿನ ಕಥೆಯು ಆ ರಾತ್ರಿಯಿಂದ, ಮಣ್ಣು ಮೆತ್ತುವ ತಂದೆಯ ಕಥೆಯಾಯಿತು. ತಾಯಿ ಏಕೆ ಇಲ್ಲ ಎಂಬುದಕ್ಕೆ ನಕ್ಷತ್ರವೂ ಬೇಕಾಗಲಿಲ್ಲ, ಖಳನೂ ಬೇಕಾಗಲಿಲ್ಲ, ಏಕೆಂದರೆ ಆ ಕಪ್ಪೆಯ ಬದುಕಿನಲ್ಲಿಯೇ ತಾಯಿ ಹೊರಟುಹೋಗುತ್ತದೆ, ತಂದೆ ಉಳಿಯುತ್ತದೆ.

ಮರುರಚನೆಯ ತೀರ್ಮಾನಗಳು

ಹನ್ನೆರಡು ಚಿತ್ರಗಳು ಒಂಬತ್ತಾದವು. ಪಾತ್ರಗಳಿಗೆ ಬಟ್ಟೆ ತೊಡಿಸುವುದನ್ನು ಕಲಾವಿದೆ ಕೈಬಿಟ್ಟರು. ಅಳತೆಯಲ್ಲಿ ಸತ್ಯವನ್ನೇ ಇಟ್ಟುಕೊಂಡರು. ಬಿದ್ದ ಅಡಿಕೆಯೊಂದು ಕಪ್ಪೆಯಷ್ಟೇ ದೊಡ್ಡದು, ಜರೀಗಿಡ ಅದಕ್ಕೆ ಮರದಷ್ಟು ಎತ್ತರ, ಹಾಳೆಯೊಂದು ಇಡೀ ಮನೆಯ ಮಾಡಾಗುತ್ತದೆ. ಪ್ರಾಣಿ ಚಿಕ್ಕದೆಂಬುದನ್ನು ದೊಡ್ಡ ಕಣ್ಣು, ಗುಂಡು ಕೆನ್ನೆಗಳಿಂದ ತೋರಿಸುವುದಕ್ಕಿಂತ ಅದರ ಸುತ್ತಲಿನ ಜಗತ್ತು ಎಷ್ಟು ದೊಡ್ಡದೆಂದು ತೋರಿಸುವುದು ಎಷ್ಟೋ ಪಾಲು ಪರಿಣಾಮಕಾರಿಯೆಂಬುದು ನನಗೆ ಇಲ್ಲಿ ಮನವರಿಕೆಯಾಯಿತು.

ಸಂಕೇತವಾಗಿ ಉಳಿಸಿಕೊಂಡದ್ದು ಒಂದನ್ನೇ: ತಂದೆಯ ಕೈಯ ಮಣ್ಣು. ಆ ಮಣ್ಣಿಗೆ ಕೆಂಪು ಬಣ್ಣ ಕೊಟ್ಟು, ಆ ಕೆಂಪು ಇಡೀ ಮಾಲೆಯಲ್ಲಿ ಬೇರೆಲ್ಲಿಯೂ ಕಾಣಿಸಬಾರದೆಂದು ನಿಶ್ಚಯಿಸಿದರು. ಮಿಕ್ಕದ್ದೆಲ್ಲ ಹಸಿರು, ನೀಲಿ, ಬೂದಿ. ಎರಡನೆಯ ಚಿತ್ರದಲ್ಲಿ ತಾಯಿ ಹಳ್ಳದ ಮೇಲ್ಬದಿಗೆ ಹೊರಟುಹೋಗುವಾಗ ತಂದೆಯ ಕೈಗೆ ಮೊದಲ ಬಾರಿ ಕೆಂಪು ಹತ್ತುತ್ತದೆ. ಮೂರನೆಯದರಲ್ಲಿ ಅದು ಮೊಟ್ಟೆಗಳ ಮೇಲೆ, ನಾಲ್ಕನೆಯದರಲ್ಲಿ ತಂದೆ ಮಳೆಯಿಂದ ಮರೆಯಾಗಿ ಕುಳಿತ ಹಾಳೆಯ ಒಳಮೈಮೇಲೆ ಕೈಗುರುತಾಗಿ, ಏಳನೆಯದರಲ್ಲಿ ಮರಿಯ ಬೆನ್ನ ಮೇಲೆ ಇರುತ್ತದೆ. ಎಂಟನೆಯ ಚಿತ್ರದಲ್ಲಿ ಹಳ್ಳ ತುಂಬಿ ಹರಿದು ತಂದೆಯ ಕೈಗಳು ತೊಳೆದುಹೋಗಿರುತ್ತವೆ, ಇಡೀ ಚಿತ್ರದಲ್ಲಿ ಕೆಂಪೇ ಇಲ್ಲ. ಒಂಬತ್ತನೆಯದರಲ್ಲಿ ಮರಿಯ ಕೈಯಲ್ಲಿ ಕೆಂಪು ಮಣ್ಣಿದೆ, ಪಕ್ಕದ ಬಂಡೆಯ ಮೇಲೆ ಒಂದು ಕೈಗುರುತಿದೆ.

ಕೆಂಪಿನ ವಿಷಯದಲ್ಲಿ ನಮ್ಮಲ್ಲಿ ಜಗಳವೇ ಆಯಿತು. ಆ ರಾತ್ರಿ ಹಳ್ಳದಲ್ಲಿ ಕಂಡ ಕೆಸರು ಕಪ್ಪಗಿತ್ತು. ಕಪ್ಪೆ ಬಲ್ಲ ಪರಿಚಿತರು ಅದನ್ನು ನೆನಪಿಸಿದರು, ನಾನೂ ಅವರ ಪಕ್ಷ ವಹಿಸಿದೆ: ಅಳತೆಯಲ್ಲಿ ಸತ್ಯ ಬೇಕೆಂದ ಮೇಲೆ ಬಣ್ಣದಲ್ಲಿ ಸಡಿಲು ಏಕೆ? ಇನ್ನೊಂದು ಆಕ್ಷೇಪವೂ ಅವರಿಂದ ಬಂತು. ಮರಿಗಳು ಬೆಳೆಯುವ ತನಕ ತಂದೆ ಕಪ್ಪೆ ಹೀಗೆ ಜೊತೆಯಲ್ಲಿ ಉಳಿಯುವುದಿಲ್ಲ. ಕಲಾವಿದೆಯು ಎರಡನೆಯ ಆಕ್ಷೇಪಕ್ಕೆ ಒಳ್ಳೆಯ ಪರಿಹಾರ ಹುಡುಕಿದರು. ಮೊದಲ ಐದು ಚಿತ್ರಗಳು ಆ ಜೀವಿಯ ನಿಜವಾದ ನಡೆಯನ್ನೇ ಅನುಸರಿಸುತ್ತವೆ, ಗೊದಮೊಟ್ಟೆಗಳು ನೀರಿಗೆ ಬೀಳುವ ಆರನೆಯ ಚಿತ್ರದಿಂದ ಮುಂದಿನದು ಕಥೆ. ಅಲ್ಲಿಂದ ಚಿತ್ರಗಳ ಅಂಚು ನೀರಿನಲ್ಲಿ ಕಂಡ ಬಿಂಬದಂತೆ ಸ್ವಲ್ಪ ಕದಡಿರುತ್ತದೆ. ಕೆಂಪನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ, ಕಾರಣವನ್ನೂ ಆಗ ಹೇಳಲಿಲ್ಲ.

ಆ ಕೆಂಪನ್ನು ಪರದೆಯ ಮೇಲೆ ತರುವ ದಾರಿಯನ್ನು ಅವರು ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರಗಳಿಂದ ಕಲಿತರು. ಕಾವಿಯಲ್ಲಿ ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣದ ಪದರವನ್ನು ಕೊಟ್ಟು, ಅದನ್ನು ಮೊನಚಾದ ಸಲಕರಣೆಯಿಂದ ಕೆರೆದು ಕೆಳಗಿನ ಬಿಳಿಯನ್ನು ಹೊರತರುತ್ತಾರೆ; ಬಣ್ಣ ತುಂಬುವ ಕೆಲಸಕ್ಕಿಂತ ಬಣ್ಣ ತೆಗೆಯುವ ಕೆಲಸವೇ ಅಲ್ಲಿ ಚಿತ್ರವನ್ನು ಮಾಡುತ್ತದೆ. ಕಲಾವಿದೆಯು ತಂತ್ರಾಂಶದಲ್ಲಿ ಇದನ್ನೇ ಮಾಡಿದರು. ಕೆಂಪನ್ನು ಪ್ರತ್ಯೇಕ ಪದರದಲ್ಲಿ ಪೂರ್ತಿ ಬಳಿದು, ಆ ಪದರಕ್ಕೆ ಮಾಸ್ಕ್ (ಬಣ್ಣವನ್ನು ಅಳಿಸದೆ ಮರೆಮಾಡುವ ಹೊದಿಕೆ) ಹಾಕಿ, ಒರಟು ಅಂಚಿನ ಕುಂಚದಿಂದ ಬೇಡವಾದಲ್ಲಿ ಕೆರೆದು ಮರೆಮಾಡುತ್ತ ಹೋದರು. ಹಾಗೆ ಉಳಿದ ಮಣ್ಣಿಗೆ ಬೆರಳಿನ ಗೆರೆಗಳು ತಾವಾಗಿಯೇ ಬಂದವು. ಕೆಂಪು ಬೇರೆಯೇ ಪದರದಲ್ಲಿದ್ದದ್ದರಿಂದ ಇನ್ನೊಂದು ಪ್ರಯೋಜನವಾಯಿತು: ಒಂಬತ್ತು ಕಡತಗಳಲ್ಲಿಯೂ ಆ ಪದರವನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಮರೆಮಾಡಿ ಸಾಲಾಗಿ ಜೋಡಿಸಿದಾಗ, ಕಥೆಯಲ್ಲಿ ಕೆಂಪಿನ ಪಯಣವೊಂದೇ ಕಣ್ಣಿಗೆ ಬೀಳುತ್ತಿತ್ತು. ಐದನೆಯ ಚಿತ್ರದಲ್ಲಿ ಕೆಂಪು ಅತಿಯಾಗಿದೆಯೆಂದು ಗೊತ್ತಾದದ್ದು ಹೀಗೆ. ಇಂಥ ಕೆಲಸ ಮಾಡುವ ಯಾರಿಗಾದರೂ ನಾನು ಮೊದಲು ಹೇಳುವ ಅಭ್ಯಾಸ ಇದೇ.

ಮುದ್ರಣದ ತೊಂದರೆಯನ್ನು ಚುಟುಕಾಗಿ ಹೇಳುತ್ತೇನೆ. ಎ3 ಅಳತೆಗೆ 300 ಡಿಪಿಐಯಂತೆ (ಅಂಗುಲಕ್ಕೆ 300 ಚುಕ್ಕೆ) 3508×4961 ಪಿಕ್ಸೆಲ್‌ಗಳಲ್ಲಿ ಮಾಡಿದ್ದರೂ, ಪರದೆಯಲ್ಲಿ ಬೆಳಗುತ್ತಿದ್ದ ರಾತ್ರಿಯ ನೀಲಿಗಳು ಮೊದಲ ಮುದ್ರಣದಲ್ಲಿ ಮಸಿಯಂತೆ ಒಂದಾದವು. ಚಿತ್ರವನ್ನು ಬೂದುಬಣ್ಣಕ್ಕೆ ಬದಲಿಸಿ ನೋಡಿದಾಗ ಕಪ್ಪೆಯ ಮೈಯೂ ಬಂಡೆಯೂ ಒಂದೇ ಗಾಢತೆಯಲ್ಲಿರುವುದು ಕಂಡಿತು. ಬಂಡೆಗಳನ್ನು ತಿಳಿಗೊಳಿಸಿದ ಮೇಲೆ ಸರಿಹೋಯಿತು.

ಕಪ್ಪೆಯ ಮುಂಗೈಯಲ್ಲಿ ನಾಲ್ಕು ಬೆರಳು, ಹಿಂಗಾಲಿನಲ್ಲಿ ಐದು. ಮೊದಲ ಕರಡುಗಳಲ್ಲಿ ಕಲಾವಿದೆ ಅಭ್ಯಾಸಬಲದಿಂದ ಎಲ್ಲ ಕೈಗುರುತುಗಳಿಗೂ ಐದು ಬೆರಳು ಬಿಡಿಸಿದ್ದರು. ಅವನ್ನು ಒಂದೊಂದಾಗಿ ತಿದ್ದಿದೆವು. ಒಂದು ಮಾತ್ರ ನಮ್ಮಿಬ್ಬರ ಕಣ್ಣಿನಿಂದಲೂ ತಪ್ಪಿಸಿಕೊಂಡಿತು.

ಎರಡನೆಯ ನೋಟ

ಅದೇ ವಾಚನಾಲಯ, ಹೆಚ್ಚುಕಡಿಮೆ ಅದೇ ಮಕ್ಕಳು, ಅದೇ ಒಂದು ಪ್ರಶ್ನೆ. ಮೂರನೆಯ ಚಿತ್ರದ ಹೊತ್ತಿಗೆ ಒಬ್ಬಳು, "ಅಪ್ಪ ಗೋಡೆಗೆ ಗಿಲಾಯ ಮಾಡ್ತಿದ್ದಾನೆ" ಎಂದಳು; ಅವಳ ತಂದೆ ಗಾರೆ ಕೆಲಸದವರೆಂದು ಆಮೇಲೆ ತಿಳಿಯಿತು. ಏಳನೆಯ ಚಿತ್ರದಲ್ಲಿ ಮರಿಯ ಬೆನ್ನ ಮೇಲಿನ ಗುರುತನ್ನು ಕಂಡು ಒಬ್ಬ ಹುಡುಗ ಗೊಣಗಿದ: "ಇವನು ಕೈ ತೊಳೆಯೋದೇ ಇಲ್ಲ." ಎಲ್ಲರೂ ನಕ್ಕರು. ಎಂಟನೆಯ ಚಿತ್ರ ಬಂತು. ಕೋಣೆ ಒಮ್ಮೆಲೇ ಸುಮ್ಮನಾಯಿತು. ಗೊಣಗಿದ್ದ ಹುಡುಗನೇ ಕೇಳಿದ: "ಅಕ್ಕೋರೇ, ಅವನ ಕೈ ಯಾಕೆ ತೊಳೆದುಹೋಗಿದೆ?"

ಆ ಪ್ರಶ್ನೆಯಲ್ಲಿ ಭಯವಿತ್ತು. ಮಣ್ಣು ತಂದೆಯ ಕಾಳಜಿಯೆಂದು ನಾವು ಯಾರಿಗೂ ಹೇಳಿರಲಿಲ್ಲ. ಏಳು ಚಿತ್ರಗಳಲ್ಲಿ ಆ ಕೈ ಕೆಲಸ ಮಾಡುವುದನ್ನು ನೋಡಿ, ಅದಿಲ್ಲದೆ ಹೋದಾಗ ಏನೋ ಕೆಡುತ್ತದೆಂದು ಆ ಮಗು ತಾನಾಗಿ ಅರಿತುಕೊಂಡಿತ್ತು. ಲಾಟೀನಿಗೂ ಬೀಗದ ಕೈಗೂ ಆಗದೆ ಇದ್ದದ್ದು ಕೆಸರಿಗೆ ಆಯಿತು, ಏಕೆಂದರೆ ಕೆಸರು ಮೊದಲು ಕೆಸರಾಗಿಯೇ ಕೆಲಸ ಮಾಡಿತ್ತು: ಮೊಟ್ಟೆಯನ್ನು ಮುಚ್ಚಿತ್ತು, ಒಣಗದಂತೆ ಇಟ್ಟಿತ್ತು, ಐದನೆಯ ಚಿತ್ರದಲ್ಲಿ ಕಾಡುಕಾಗೆಯ ಕಣ್ಣಿನಿಂದ ಮರೆಮಾಡಿತ್ತು. ಆ ಸಂಕೇತವು ಎಷ್ಟು ಗಟ್ಟಿಯಾಗಿತ್ತೆಂದು ನಮಗೆ ತಿಳಿದದ್ದು ಅದು ಕಾಣಿಸದೆ ಹೋದ ಚಿತ್ರದಲ್ಲಿ.

ಕಾಡುಕಾಗೆಯ ಬಗ್ಗೆಯೂ ಹೇಳಬೇಕು, ಏಕೆಂದರೆ ಅಲ್ಲಿ ಫಲ ಬೇರೆ ಬಗೆಯದು. ಶ್ರಾದ್ಧದ ಪಿಂಡವನ್ನು ಕಾಗೆ ಮುಟ್ಟುವುದನ್ನು ಕಂಡು ಬೆಳೆದ ಕಲಾವಿದೆಗೆ ಆ ಹಕ್ಕಿಯು ಹೋದವರ ರೂಪ. ಮೊಟ್ಟೆಗಳ ಮೇಲೆ ಹಾದುಹೋಗುವ ಕಾಗೆಯಲ್ಲಿ ತಾಯಿಯ ನೋಟವೂ ಇರಲೆಂದು ಅವರು ಬಯಸಿದ್ದರು. ಕೆಲವು ಮಕ್ಕಳು ಮಾತ್ರ ಆ ಕಡೆಗೆ ಯೋಚಿಸಿದರು. ಕ್ರೈಸ್ತ, ಮುಸ್ಲಿಂ ಮನೆಗಳ ಮಕ್ಕಳಿಗೆ, ಹಿಂದೂ ಮನೆಗಳ ಎಷ್ಟೋ ಮಕ್ಕಳಿಗೂ, ಅದು ಮೊಟ್ಟೆ ಕದಿಯಲು ಬಂದ ಕಾಗೆ. ಕಾಗೆಯನ್ನು ತೆಗೆಯಬೇಕೇ ಎಂದು ಕಲಾವಿದೆ ಕೇಳಿದಾಗ ನಾನು ಬೇಡವೆಂದೆ. ಕಳ್ಳ ಕಾಗೆಯಾಗಿಯೂ ಅದು ಕಥೆಯಲ್ಲಿ ಮಾಡಬೇಕಾದ ಕೆಲಸವನ್ನು ಪೂರ್ತಿ ಮಾಡುತ್ತದೆ, ಯಾವ ಮಗುವೂ ಅಲ್ಲಿ ದಾರಿ ತಪ್ಪುವುದಿಲ್ಲ; ಇನ್ನೊಂದು ಅರ್ಥ ಬಲ್ಲವರಿಗೆ ಅದೂ ಸಿಗುತ್ತದೆ. ಗೂಬೆಯ ಪ್ರಸಂಗ ಹಾಗಿರಲಿಲ್ಲ. ಅಲ್ಲಿ ಕಲಾವಿದೆಯ ಅರ್ಥವೂ ನೋಡುವವರ ಅರ್ಥವೂ ಒಂದಕ್ಕೊಂದು ವಿರುದ್ಧವಾಗಿ ಎಳೆದು ಕಥೆಯನ್ನೇ ಹರಿದಿದ್ದವು.

ಆ ಸಂಜೆ ವಾಚನಾಲಯದ ಜಗುಲಿಯಲ್ಲಿ ಕುಳಿತಾಗ ಕಲಾವಿದೆಯು ಕೆಂಪಿನ ಕಾರಣ ಹೇಳಿದರು. ತಾಯಿ ಹೋದ ಮೇಲೆ ಆಕೆಗೆ ಜಡೆ ಹಾಕುತ್ತಿದ್ದವರು ತಂದೆ. ಕೊಯ್ಲಿನ ದಿನಗಳಲ್ಲಿ ಅಡಿಕೆ ಬೇಯಿಸಿದ ಚೊಗರು ಅವರ ಕೈಗಳಿಗೆ ಹಿಡಿದು ವಾರಗಟ್ಟಲೆ ಹೋಗುತ್ತಿರಲಿಲ್ಲ. ಬೆಳಗಿನ ಹೊತ್ತು ಒಲೆಯ ಮುಂದಿನಿಂದ ಎದ್ದು ಬಂದು ಜಡೆ ಹೆಣೆಯುವಾಗ ಶಾಲೆಯ ಬಿಳಿ ರಿಬ್ಬನ್ನಿಗೆ ಕೆಂಪು ಕಲೆ ಬೀಳುತ್ತಿತ್ತು. ಶಾಲೆಯಲ್ಲಿ ಮಕ್ಕಳು ನಗುತ್ತಿದ್ದರು, ಆಕೆ ಮನೆಗೆ ಬಂದು ತಂದೆಯ ಮೇಲೆ ಸಿಟ್ಟು ಮಾಡುತ್ತಿದ್ದರು. "ಅಪ್ಪ ಮರುದಿನ ಕೈಗೆ ನಿಂಬೆಹಣ್ಣು ತಿಕ್ಕಿಕೊಂಡು ಬಂದು ಜಡೆ ಹಾಕಿದ. ಆದರೂ ಕಲೆ ಬಿತ್ತು" ಎಂದು ಹೇಳಿ ಅವರು ಸುಮ್ಮನಾದರು. ಕಪ್ಪು ಕೆಸರನ್ನು ಕೆಂಪು ಮಾಡಿದ್ದಕ್ಕೆ ನಾನು ಎತ್ತಿದ ಆಕ್ಷೇಪವನ್ನು ಅಲ್ಲಿಯೇ ಹಿಂತೆಗೆದುಕೊಂಡೆ. ಈ ಸಂಗತಿಯು ಗೋಡೆಯ ಮೇಲಿನ ಚಿತ್ರಗಳಲ್ಲಿ ಎಲ್ಲಿಯೂ ಇಲ್ಲ, ಇರಬೇಕಾಗಿಯೂ ಇಲ್ಲ. ತನ್ನ ಬದುಕಿನ ಸಂಗತಿಯನ್ನು ನೋಡುವವರು ಕಂಡುಹಿಡಿಯಲೆಂದು ಮೊದಲ ಮಾಲೆಯಲ್ಲಿ ಕಲಾವಿದೆಯು ಒಗಟುಗಳನ್ನು ಇಟ್ಟಿದ್ದರು. ಎರಡನೆಯದರಲ್ಲಿ ಆ ಸಂಗತಿಯು ಬಣ್ಣವನ್ನು ಆರಿಸುವ ಕೈಗೆ ಬಲ ಕೊಟ್ಟು ಹಿಂದೆ ಉಳಿದಿದೆ. ನನ್ನ ಮಟ್ಟಿಗೆ ಎರಡು ಮಾಲೆಗಳ ನಡುವಿನ ಅಂತರವೆಲ್ಲ ಇದರಲ್ಲಿದೆ.

ಉಳಿದ ಬೆರಳು

ಒಂಬತ್ತನೆಯ ಚಿತ್ರದ ಬಂಡೆಯ ಮೇಲಿನ ಕೈಗುರುತಿಗೆ ಐದು ಬೆರಳುಗಳಿದ್ದವು. ನಾವು ತಿದ್ದಲು ಮರೆತದ್ದು ಅದನ್ನೇ. ಮಕ್ಕಳಲ್ಲಿ ಒಬ್ಬ, ಎಂಟು ವರ್ಷದವನಿರಬೇಕು, ಪರದೆಯ ಹತ್ತಿರ ಹೋಗಿ ಎಣಿಸಿ, "ಇದು ಕಪ್ಪೆಯ ಕೈಯಲ್ಲ" ಎಂದು ಸಾರಿದ್ದ. ಅದು ತಪ್ಪೆಂದು ಒಪ್ಪಿಕೊಂಡು, ಗೋಡೆಯ ಮುದ್ರಣಕ್ಕೆ ಹೋಗುವ ಮೊದಲು ನಾಲ್ಕು ಬೆರಳಿಗೆ ತಿದ್ದಬೇಕೆಂದು ನಾನು ಒತ್ತಾಯಿಸಿದೆ. ತಿದ್ದಲಾಯಿತು.

ಚಿತ್ರಗಳು ಗೋಡೆಗೆ ಏರಿದ ದಿನ ಆ ಹುಡುಗ ನೇರವಾಗಿ ಒಂಬತ್ತನೆಯದರ ಮುಂದೆ ಹೋಗಿ ನಿಂತ, ಬೆರಳಿಟ್ಟು ಎಣಿಸಿದ, ಮುಖ ಸಣ್ಣದು ಮಾಡಿಕೊಂಡ. ಮೊದಲಿದ್ದದ್ದೇ ಸರಿಯಿತ್ತೆಂಬುದು ಅವನ ವಾದ. ಮರಿಕಪ್ಪೆ ಒಂಟಿಯಾಗಿತ್ತು, ಆ ರಾತ್ರಿ ಹಳ್ಳದ ಹತ್ತಿರ ಯಾರೋ ಒಬ್ಬರು ಮನುಷ್ಯರು ಬಂದಿದ್ದರು, ಕಪ್ಪೆಗೆ ಜೊತೆ ಇರಲೆಂದು ತಾವೂ ಮಣ್ಣು ಮುಟ್ಟಿ ಬಂಡೆಯ ಮೇಲೆ ಕೈ ಒತ್ತಿ ಹೋದರು ಎಂದು ಅವನು ಕಥೆ ಕಟ್ಟಿಕೊಂಡಿದ್ದ. ಕಲಾವಿದೆಯು ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಆ ಕಥೆಯನ್ನು ಮೊದಲಿನಿಂದ ಹೇಳಿಸಿಕೊಂಡರು, ಯಾರು ಬಂದದ್ದು, ಯಾವ ದಾರಿಯಲ್ಲಿ ಬಂದರು, ಟಾರ್ಚ್ ತಂದಿದ್ದರೇ ಎಂದೆಲ್ಲ ಕೇಳಿದರು.

ಆಕೆಯ ಕಂಪ್ಯೂಟರಿನಲ್ಲಿ ಆ ಒಂಬತ್ತನೆಯ ಚಿತ್ರದ ಕಡತ ಈಗಲೂ ಇದೆ. ಐದನೆಯ ಬೆರಳನ್ನು ಅವರು ಅಳಿಸಿರಲಿಲ್ಲ, ಮಾಸ್ಕಿನ ಕೆಳಗೆ ಮರೆಮಾಡಿದ್ದರು.